ಮಂಡಕ್ಕಿಗೆ ಬಂದ ಮೀನು

ಹೊಸಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಒಂದು ಮಂಡಕ್ಕಿ ಭಟ್ಟಿ ಇದೆ. ಬೆಳಗ್ಗೆ ಅದರ ಮುಂದೆ ಹಾದು ಹೋದರೆ ಕಾದ ಮರಳಿನ ವಾಸನೆ, ಹೊಟ್ಟಿನ ಹೊಗೆ, ಅಕ್ಕಿ ಅರಳುವ ಚಟಪಟ. ಉಳಿದವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಒಗ್ಗರಣೆ ನೆನಪಾಗುತ್ತದೆ, ಮಿರ್ಚಿ ನೆನಪಾಗುತ್ತದೆ. ನನಗೆ ನೆನಪಾಗುವುದು ಕಾಲುವೆ. ಕಳೆದ ವಾರವೂ ಹಾಗೇ ಆಯಿತು. ಸ್ಕೂಟರ್ ನಿಲ್ಲಿಸಿ ಒಂದು ಚೀಲ ಬಿಸಿ ಮಂಡಕ್ಕಿ ತಗೊಂಡೆ. ಮನೆಗೆ ಬರುವಷ್ಟರಲ್ಲಿ, ಅಪ್ಪನಿಗೆ ಮೀನಿನ ಹುಚ್ಚು ಹಿಡಿದಿದ್ದ ಆ ವರ್ಷವೆಲ್ಲ ತಲೆಯಲ್ಲಿ ತಿರುಗಿಹೋಗಿತ್ತು.

ಅಪ್ಪ ಸಂಡೂರಿನ ಯಶವಂತನಗರದಲ್ಲಿ ಗಣಿ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ನಾನಿನ್ನೂ ಹುಟ್ಟದಿದ್ದ ಕಾಲದಲ್ಲಿ ಅಲ್ಲಿಗೆ ಯಂತ್ರ ಕೂಡಿಸಲು ಹೊರದೇಶದ ಎಂಜಿನಿಯರ್ ಒಬ್ಬ ಬಂದಿದ್ದನಂತೆ. ಮಳೆಗಾಲದಲ್ಲಿ ಗುಡ್ಡದಿಂದ ಹಳ್ಳ ಇಳಿಯುವಾಗ ಆ ಮನುಷ್ಯ ನಸುಕಿನಲ್ಲೇ ಎದ್ದು, ಸಪೂರ ಕೋಲೊಂದನ್ನು ಹಿಡಿದು, ಹಳ್ಳದ ದಂಡೆಯಲ್ಲಿ ನಿಲ್ಲುತ್ತಿದ್ದ. ಗಾಳಕ್ಕೆ ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಕೊಕ್ಕೆಗೆ ಕೋಳಿಗರಿ ಸುತ್ತಿ ನೊಣದ ಹಾಗೆ ಮಾಡಿದ್ದು ಅಷ್ಟೇ. ಕೂಲಿಯವರು ಆತನಿಗೆ ಗರಿ ಸಾಹೇಬ ಅಂತಲೇ ಹೆಸರಿಟ್ಟಿದ್ದರು. ಅವರ ದೇಶದಲ್ಲಿ ಟ್ರೌಟ್ ಎಂಬ ಮೀನಿದೆಯಂತೆ, ತಣ್ಣನೆ ತೊರೆಯಲ್ಲಿ ಇರುತ್ತದಂತೆ, ನಸುಕಿನಲ್ಲಿ ನೀರಿನ ಮೇಲೆ ಕೂತ ಹುಳವನ್ನು ನುಂಗಲು ಮೇಲೆ ಬರುತ್ತದಂತೆ. ಊರಿಗೆ ಮರಳುವಾಗ ಸಾಹೇಬ ಕೋಲು, ದಾರ ಸುತ್ತುವ ರೀಲು, ಗರಿಹುಳಗಳ ಡಬ್ಬಿ ಎಲ್ಲ ಅಪ್ಪನಿಗೆ ಕೊಟ್ಟು ಹೋದ. ಆಮೇಲೆ ಶಿಫ್ಟು, ಸಂಸಾರ, ನಾನು. ಕೋಲು ಅಟ್ಟ ಸೇರಿತು.

ಅಪ್ಪ ರಿಟೈರ್ ಆಗಿ ನಾವು ಹೊಸಪೇಟೆಗೆ ಬಂದ ಮೇಲೆ ಅವನ ಕಣ್ಣಿನ ವಿಷಯ ಗೊತ್ತಾಯಿತು. ಎಡಬಲದಲ್ಲಿ ಬರುವವರಿಗೆ ಡಿಕ್ಕಿ ಹೊಡೆಯುತ್ತಿದ್ದ, ತಾಟಿನ ಅಂಚಿನಲ್ಲಿಟ್ಟ ಉಪ್ಪಿನಕಾಯಿಯನ್ನು ಹಾಕೇ ಇಲ್ಲ ಅಂತ ಅವ್ವನ ಜೊತೆ ಜಗಳ ತೆಗೆಯುತ್ತಿದ್ದ. ಬಳ್ಳಾರಿಯ ಡಾಕ್ಟರು ಕಣ್ಣಿನೊಳಗೆ ಒತ್ತಡ ಏರಿದೆ ಅಂದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಆದಷ್ಟು ದಿನ ಕಾಪಾಡೋಣ ಅಂತ ಹನಿ ಔಷಧ ಬರೆದುಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಮುಷ್ಟಿಯನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದು ತೋರಿಸಿದ.

"ಹಿಂಗ ಕಾಣ್ತೈತಿ ನೋಡು ಮಂಜಿ. ಪೈಪಿನೊಳಗಿಂದ ನೋಡಿದಂಗ. ಪೈಪು ಸಣ್ಣ ಆಕ್ಕೋಂತ ಹೊಂಟೈತಿ."

ಅವನು ನಕ್ಕ. ನನಗೆ ಅಳು ಬಂತು, ಕಿಟಕಿಯ ಕಡೆ ತಿರುಗಿ ಅತ್ತೆ. ಮರುದಿನ ಬೆಳಗ್ಗೆ ಅವನು ಏಣಿ ಹಾಕಿ ಅಟ್ಟ ಹತ್ತಿದ್ದ. ಅವ್ವ ಕೆಳಗೆ ನಿಂತು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಅಪ್ಪ ದೂಳು ತುಂಬಿದ ಕೋಲನ್ನು ಕೆಳಗಿಳಿಸಿ ಅಂದ:

"ಸಾಹೇಬ ಹೇಳ್ತಿದ್ದ, ಈ ಮೀನನ್ನ ಕೈಯಿಂದ ಹಿಡಿಯಂಗಿಲ್ಲ, ಕಣ್ಣಿಂದ ಹಿಡಿಬೇಕು ಅಂತ. ಅದು ಮ್ಯಾಲ ಬಂದು ಬಾಯಿ ತೆರೆಯೋದನ್ನ ನಾ ನನ್ನ ಗರಿಗೆ ಒಂದ್ಸಲನೂ ನೋಡಿಲ್ಲ. ಪೈಪು ಮುಚ್ಚೋದ್ರೊಳಗ ಒಂದ್ಸಲ ನೋಡಬೇಕು."

ಅಷ್ಟೇ ಅವನ ಆಸೆ. ಕಾಶಿ ಬೇಡ, ರಾಮೇಶ್ವರ ಬೇಡ. ಅವ್ವ ಹಣೆ ಬಡಿದುಕೊಂಡಳು.

ನಾನು ಆಗ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಆ ವರ್ಷ ಬಹುಪಾಲು ಸೆಕೆಂಡ್ ಶಿಫ್ಟೇ ಬಿದ್ದಿದ್ದರಿಂದ ಬೆಳಗು ನನ್ನದಾಗಿತ್ತು. ಸ್ಕೂಟರಿನ ಹಿಂದೆ ಅಪ್ಪ, ಅವನ ಹೆಗಲ ಮೇಲೆ ಕೋಲು. ಕಮಲಾಪುರದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿ, ಬಾಳೆತೋಟಗಳ ನಡುವೆ ಇಳಿದರೆ ಹಳೇ ಕಾಲುವೆ. ಟ್ರೌಟ್ ಇಲ್ಲದಿದ್ದರೇನಂತೆ, ಅರಸರ ಕಾಲದ ಕಲ್ಲುಕಟ್ಟಡದ ಕಾಲುವೆ, ಬಂಡೆಗೆ ಬಡಿದು ತಿರುಗುವ ನೀರು, ಅದರಲ್ಲಿ ಕೆಂಡೆ ಮೀನು. ತೊರೆ ಅಂದರೆ ತೊರೆಯೇ. ಬಿಸಿಲೇರಿದರೆ ನೀರು ಹೊಳೆದು ಅಪ್ಪನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಸೂರ್ಯ ತೋಟದ ಮೇಲೆ ಬರುವ ಮೊದಲಿನ ಹೊತ್ತೇ ನಮ್ಮ ಹೊತ್ತು.

ಶ್ರಾವಣದಲ್ಲಿ ಶುರುಮಾಡಿದೆವು. ಮೋಡದ ಗಾಳಿ, ಕೆಂಪು ನೀರು. ಈ ಕೋಲನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಉದ್ದ ಮಾಡಿ ನೀರಿಗೆ ಇಳಿಸಬೇಕು. ಅಪ್ಪ ಬೀಸಿದರೆ ಕೊಕ್ಕೆ ಹಿಂದಿನ ಬಾಳೆಎಲೆಗೆ ಸಿಕ್ಕು ಎಲೆ ಉದ್ದಕ್ಕೆ ಸೀಳುತ್ತಿತ್ತು. ಒಂದು ದಿನ ನನ್ನ ವೇಲಿಗೇ ಸಿಕ್ಕಿತು. ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ಕೆಲಸದ ನೀರುಗಂಟಿ ಈರಣ್ಣ ದಿನವೂ ಸೈಕಲ್ಲಿನಲ್ಲಿ ದಂಡೆ ಹಿಡಿದು ಬರುತ್ತಿದ್ದ. ನಿಂತು ನೋಡಿ, ಬೀಡಿ ಹಚ್ಚಿ ಕೇಳಿದ:

"ಏನ್ ಕಾಕಾ, ಬಾರಕೋಲು ಮಸ್ತ್ ಬೀಸ್ತೀರಿ. ಎತ್ತು ಎಲ್ಲಿ ಬಿಟ್ರಿ?"

ಅಪ್ಪನಿಗೆ ಸಿಟ್ಟು ಬರಲಿಲ್ಲ. ಹಾಕಿದ ಹುಳ ಕಾಣುವುದೇ ಇಲ್ಲ ಎಂಬುದು ಅವನ ಚಿಂತೆ. ಸಾಹೇಬನ ಡಬ್ಬಿಯ ಹುಳಗಳೆಲ್ಲ ಕಂದು, ಕಪ್ಪು, ಬೂದು. ನೀರಿಗೆ ಬಿದ್ದ ಕ್ಷಣಕ್ಕೆ ಅಪ್ಪನ ಪಾಲಿಗೆ ಅವು ಮಾಯ. ಆ ತಿಂಗಳು ಪೂರ್ತಿ ಅವನು ಕಾಣದ ಹುಳವನ್ನು ಕಾಣದ ಮೀನಿಗೆ ಹಾಕಿದ. ನಾನು ಪಕ್ಕದಲ್ಲಿ ನಿಂತು ಆಕಳಿಸಿದೆ.

ನಾವು ನಿಲ್ಲುತ್ತಿದ್ದ ಜಾಗಕ್ಕಿಂತ ಮೇಲೆ, ನೀರು ಬರುವ ಕಡೆಗೆ, ಒಂದು ಸಣ್ಣ ಆಂಜನೇಯನ ಗುಡಿ, ನೀರಿಗಿಳಿಯುವ ಮೆಟ್ಟಿಲು. ಶನಿವಾರ ಬಂದವರು ಅಲ್ಲಿಯ ಮೀನುಗಳಿಗೆ ಮಂಡಕ್ಕಿ ಎರಚುತ್ತಾರೆ. ಅವು ದೇವರ ಮೀನು, ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಕೆಳಗಿನ ತೂಬು ದಾಟಿದ ಮೇಲೆ ಮಾತ್ರ ಅಡ್ಡಿಯಿಲ್ಲ. ಒಂದು ಶನಿವಾರ ಹೆಂಗಸರು ಮೇಲೆ ಎರಚಿದ ಮಂಡಕ್ಕಿ ತೂಬಿನ ಕಂಡಿಯಲ್ಲಿ ನುಸುಳಿ ನಮ್ಮ ಮುಂದೆ ತೇಲಿ ಬಂತು. ಅಪ್ಪ ನನ್ನ ತೋಳು ಹಿಡಿದ.

"ಲೇ ಮಂಜಿ, ಅವು ಬೆಳ್ಳಗ ತೇಲಾಕತ್ತಾವಲ್ಲ, ಅವು ಮಂಡಕ್ಕಿ ಹೌದಿಲ್ಲೊ?"

"ಹೌದಪ್ಪ."

"ನನಗ ಕಾಣ್ತಾವ!"

ಅವನು ಹೇಳುತ್ತಿದ್ದಂತೆ ಕೆಳಗಿನಿಂದ ಒಂದು ಕೆಂಡೆ ಬಂದು ಒಂದು ಕಾಳನ್ನು ಪುಳಕ್ಕನೆ ನುಂಗಿ ಹೋಯಿತು. ಅದು ಅಪ್ಪನಿಗೆ ಕಾಣಲಿಲ್ಲ, ಅವನ ಪೈಪು ಬೇರೆ ಕಾಳಿನ ಮೇಲಿತ್ತು. ಆದರೆ ಅಂದೇ ತೀರ್ಮಾನವಾಯಿತು. ಇಲ್ಲಿಯ ಮೀನಿಗೆ ನೊಣ ಬೇಕಾಗಿಲ್ಲ, ಮಂಡಕ್ಕಿ ಬೇಕು. ಅಪ್ಪನ ಕಣ್ಣಿಗೂ ಅದೇ ಬೇಕು.

ಮುಂದಿನ ದಿನಗಳಲ್ಲಿ ಅವ್ವನ ಮಂಡಕ್ಕಿ ಡಬ್ಬಿಗೆ ಗ್ರಹಚಾರ ಕಾದಿತ್ತು. ಅಪ್ಪ ಮೊದಲು ನಿಜವಾದ ಮಂಡಕ್ಕಿಯನ್ನೇ ಕೊಕ್ಕೆಗೆ ಸಿಕ್ಕಿಸಿದ. ಎರಡನೇ ಸಲ ಬೀಸುವಾಗಲೇ ಅದು ಉದುರಿತು. ಗೋಂದು ಹಚ್ಚಿ ಒಣಗಿಸಿದ. ಅದು ಕಲ್ಲಿನ ಹಾಗೆ ಮುಳುಗಿತು, ಮನೆಯಲ್ಲಿಟ್ಟದ್ದಕ್ಕೆ ಇರುವೆ ಮುತ್ತಿತು. ಒಂದು ಬೆಳಗ್ಗೆ ಅವ್ವ ಒಗ್ಗರಣೆ ಮಂಡಕ್ಕಿಯ ತಾಟನ್ನು ಅವನ ಮುಂದೆ ಕುಕ್ಕಿ, "ತಗೋರಿ, ಇದನ್ನೂ ಹಾಕ್ರಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಲ್ಲಾ ಬಿದ್ದಾವು. ನಿಮ್ಮ ಮೀನು ಚಾ ಕೇಳಿದ್ರ ನನ್ನ ಕರೀರಿ" ಅಂದಳು. ನಾನು ನಕ್ಕಿದ್ದಕ್ಕೆ ನನಗೂ ಬೈಗುಳ ಬಿತ್ತು.

ಕೊನೆಗೆ ಗರಿಗೇ ಬಂದೆವು, ಆದರೆ ಬಿಳಿ ಗರಿ. ಅಂಗಡಿ ಕೋಳಿಯ ಗರಿ ಮೆತ್ತಗೆ, ನೀರು ಕುಡಿದು ಮುದ್ದೆಯಾಗುತ್ತಿತ್ತು. ನಾಟಿ ಹುಂಜದ ಕುತ್ತಿಗೆಯ ಗರಿಯೇ ಆಗಬೇಕು. ಪಕ್ಕದ ಮನೆಯ ಹುಲಿಗೆಮ್ಮನ ಹತ್ತಿರ ಅಂಥ ಬಿಳಿ ಹುಂಜವಿತ್ತು. ಅಪ್ಪ ಕೇಳಲು ಹೋದರೆ ಅವಳು ಹುಂಜವನ್ನು ಎದೆಗೆ ಅವಚಿಕೊಂಡಳು.

"ಅಣ್ಣಾರ, ಇದು ಹರಕಿ ಹುಂಜ. ಮಗಳ ಹೆರಿಗಿ ಸಸೂತ್ರ ಆದ್ರ ಅಮ್ಮಗ ಒಪ್ಪಿಸ್ತೀನಿ ಅಂತ ಬಿಟ್ಟೀನಿ. ಗರಿ ಕೀಳಬಾರದ್ರಿ. ತಾನಾಗಿ ಉದುರಿದ್ದು ಬೇಕಾದ್ರ ಆರಿಸಿಕೊಳ್ರಿ."

ಹೀಗೆ ಕಾರ್ಖಾನೆಯಲ್ಲಿ ಅದಿರಿನ ಗುಣ ಪರೀಕ್ಷಿಸುವ ನಾನು ಬೆಳಗಾದರೆ ಹುಂಜದ ಹಿಂದೆ ಓಡಾಡಿ ಬಿದ್ದ ಗರಿ ಹೆಕ್ಕತೊಡಗಿದೆ. ಕಟ್ಟುವುದು ಅಪ್ಪ. ಚಿಮಟದಲ್ಲಿ ಕೊಕ್ಕೆ ಹಿಡಿದು ನಾನು ಕೂರಬೇಕು, ಅವನು ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ದಾರ ಸುತ್ತುತ್ತಿದ್ದ. ಕಣ್ಣು ತೆರೆದರೆ ಗೊಂದಲವಾಗುತ್ತದೆ ಅನ್ನುತ್ತಿದ್ದ. ಕತ್ತರಿಯಿಂದ ಸವರಿದರೆ ಗುಂಡಗೆ, ಉದ್ದಗೆ, ಥೇಟ್ ಮಂಡಕ್ಕಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಸಪಾಟು ಮಾಡುತ್ತಿದ್ದ, ಮೀನಿಗೆ ಗಾಯವಾಗದಂತೆ ಬಿಡಬೇಕಲ್ಲ. ಹಿಡಿದು ಬಿಡುವುದಕ್ಕೆ ಇಷ್ಟು ಪಾಡೇ ಅಂತ ಅವ್ವ ಕೇಳಿದಳು. ಅಪ್ಪ ಇನ್ನೊಂದು ಕೊಕ್ಕೆ ಎತ್ತಿಕೊಂಡ.

ದಸರೆಯ ಹೊತ್ತಿಗೆ ನೀರು ತಿಳಿಯಾಯಿತು. ಭತ್ತ ತೆನೆ ಬಿಟ್ಟಿತ್ತು. ಒಂದು ಬೆಳಗ್ಗೆ ಬಿಳಿ ಗರಿ ತೂಬಿನ ಕೆಳಗಿನ ಮಡುವಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಅಪ್ಪ ಕತ್ತನ್ನು ಗರಿಯ ಜೊತೆಗೇ ತಿರುಗಿಸುತ್ತಿದ್ದ. ಕೆಳಗಿನಿಂದ ಮೀನು ಎದ್ದಿತು. ನಾನು ಗಂಟಲು ಹರಿಯುವಂತೆ ಕೂಗಿದೆ.

"ಬಂತಪ್ಪ! ಬಂತು!"

ಅಪ್ಪ ಕೋಲೆತ್ತಿದ. ಕೋಲು ಬಾಗಿತು, ಮೀನು ಸಿಕ್ಕಿತ್ತು! ಅಂಗೈಯಷ್ಟಗಲದ ಕೆಂಡೆ, ಬೆಳ್ಳಿಯ ಮೈ, ಬಾಲದ ಹತ್ತಿರ ಕರೀ ಚುಕ್ಕೆ. ನಾನು ಕುಣಿದಾಡಿಬಿಟ್ಟೆ. ಅಪ್ಪ ಅದನ್ನು ನೀರಿನೊಳಗೇ ಬಿಡಿಸಿ ಬಿಟ್ಟ. ಮುಖದಲ್ಲಿ ನಗುವಿಲ್ಲ.

"ಮಂಜಿ, ನಾ ನೋಡಿ ಎತ್ತಿದ್ನೋ, ನೀ ಒದರಿದ್ದಕ್ಕ ಎತ್ತಿದ್ನೋ?"

"ಗೊತ್ತಿಲ್ಲಪ್ಪ."

"ನನಗೂ ಗೊತ್ತಾಗವಲ್ದು. ಇನ್ನ ಮ್ಯಾಲ ನೀ ಮಾತಾಡಬ್ಯಾಡ."

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಸಿನಿಮಾ ನೋಡುವಾಗಲೂ ಮುಂದೇನಾಗುತ್ತದೆ ಅಂತ ಪಕ್ಕದವರಿಗೆ ಹೇಳುವವಳು ನಾನು. ಆದರೂ ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತೆ. ಎರಡನೇ ಮೀನು ಬಂದಾಗ ಕೂಗಲಿಲ್ಲ. ಅಪ್ಪ ಸರಿಯಾದ ಹೊತ್ತಿಗೆ ಕೋಲೆತ್ತಿದ. ಬಿಟ್ಟ ಮೇಲೆ ನನ್ನ ಕಡೆ ತಿರುಗಿದ.

"ನೀ ನನ್ನ ಅಂಗಿ ಜಗ್ಗಿದಿ."

ಹೌದು. ಪಾಚಿಗಟ್ಟಿದ ಕಲ್ಲಿನ ಮೇಲೆ ಅವನು ಜಾರಬಾರದೆಂದು ನಾನು ಹಿಂದೆ ನಿಂತು ಅಂಗಿಯ ಚುಂಗು ಹಿಡಿದಿರುತ್ತಿದ್ದೆ. ಮೀನು ಕಂಡ ಕೂಡಲೇ ಕೈ ತಾನಾಗಿ ಬಿಗಿದಿತ್ತು. ಬಾಯಿ ಕಟ್ಟಿದರೆ ಕೈ ಹೇಳಿಬಿಡುತ್ತಿತ್ತು. ನನಗೆ ನನ್ನ ಮೇಲೇ ಬೇಸರ ಬಂತು. ಅವನನ್ನು ಬಿಡುವಂತಿಲ್ಲ, ಹಿಡಿಯುವಂತೆಯೂ ಇಲ್ಲ. ಅಷ್ಟರಲ್ಲಿ ಅಪ್ಪನ ಪೈಪು ಇನ್ನಷ್ಟು ಕಿರಿದಾಗಿತ್ತು. ದೀಪಾವಳಿಗೆ ಹಚ್ಚಿದ ಹಣತೆಗಳಲ್ಲಿ ಅವನಿಗೆ ಒಂದು ಸಲಕ್ಕೆ ಒಂದೇ ಕಾಣುತ್ತಿತ್ತು.

ಅದೇ ವಾರ ಈರಣ್ಣ ಸೈಕಲ್ ನಿಲ್ಲಿಸಿ ಸುದ್ದಿ ಹೇಳಿದ.

"ಕಾಕಾ, ಭತ್ತ ಕೊಯ್ಲು ಆದ ಮ್ಯಾಲ ನೀರು ನಿಲ್ಲಿಸ್ತಾರಂತ. ರಿಪೇರಿ ಐತಿ. ಈ ಸಲ ಜಲ್ದಿ ಬಿಡಂಗಿಲ್ಲ."

"ಮತ್ತ ಯಾವಾಗ ಬಿಡ್ತಾರ?"

"ಬ್ಯಾಸಿಗಿ ದಾಟಬೇಕು."

ಬೇಸಿಗೆ ದಾಟುವ ಹೊತ್ತಿಗೆ ಏನಾಗಿರುತ್ತದೆಂದು ಅಪ್ಪನಿಗೂ ಗೊತ್ತು, ನನಗೂ ಗೊತ್ತು. ಮರುದಿನದಿಂದ ಚಳಿ ಬೇರೆ ಹೆಚ್ಚಾಯಿತು, ಮೀನು ಮೇಲೆ ಬರುವುದೇ ಅಪರೂಪವಾಯಿತು. ಅಪ್ಪ ಮಫ್ಲರ್ ಸುತ್ತಿಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದ, ನಾನು ಅವನ ಹಿಂದೆ ನಡುಗುತ್ತಿದ್ದೆ. ಬರಿಗೈಯಲ್ಲಿ ಬರುತ್ತಿದ್ದ ನಮ್ಮನ್ನು ನೋಡಿ ಅವ್ವ ಬೈಯುವುದನ್ನೂ ಬಿಟ್ಟಳು. ಅವಳು ಸುಮ್ಮನಾದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಹುಲಿಗೆಮ್ಮನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು, ಸಸೂತ್ರವಾಗಿ. ಹರಕೆ ತೀರಿಸಿ ಬಂದ ದಿನ ಅವಳು ಸೆರಗಿನಲ್ಲಿ ಒಂದು ಹಿಡಿ ಬಿಳಿ ಗರಿ ಕಟ್ಟಿಕೊಂಡು ಬಂದು ಅಪ್ಪನ ಕೈಗೆ ಸುರಿದಳು.

"ಹುಂಜ ಅಮ್ಮಗ ಮುಟ್ಟಿತು. ಗರಿ ನಿಮಗ ಅಂತ ಇಟ್ಟಿದ್ದೆ, ಅಣ್ಣಾರ. ನಿಮ್ಮ ಮೀನು ಬರಲಿ."

ಕಾಲುವೆಯ ಕೊನೆಯ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಅಂದು ಮಧ್ಯಾಹ್ನ ನೀರು ನಿಲ್ಲಿಸುವುದೆಂದು ಈರಣ್ಣ ಹೇಳಿದ್ದ. ಕೊಯ್ಲಾದ ಗದ್ದೆಗಳ ಮೇಲೆ ಮಂಜು ಮಲಗಿತ್ತು, ಒಣಹುಲ್ಲಿನ ವಾಸನೆ. ಅಪ್ಪ ಮನೆಯಿಂದ ಒಂದು ಹಗ್ಗ ತಂದಿದ್ದ. ತೂಬಿನ ಕಲ್ಲುಕಂಬಕ್ಕೆ ಒಂದು ತುದಿ ಬಿಗಿದ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಗಂಟು ಎಳೆದು ನೋಡಿ ಫಿಟ್ಟರನ ಗತ್ತಿನಲ್ಲಿ ತಲೆಯಾಡಿಸಿದ.

"ಈಗ ನಾ ಬೀಳಂಗಿಲ್ಲ. ನೀ ಆ ಕಡೆ ತಿರುಗಿ ಕುಂದ್ರು. ತ್ವಾಟ ನೋಡು."

"ನಾನೂ ನೋಡ್ತೀನಿ ಅಪ್ಪ. ಏನೂ ಹೇಳಂಗಿಲ್ಲ. ಆಣಿ."

"ನೀ ಹೇಳದಿದ್ರೂ ನನಗ ಕೇಳಿಸ್ತೈತಿ. ನೀ ಉಸಿರು ಬಿಗಿ ಹಿಡಿದ್ರ ಸಾಕು, ನನಗ ಗೊತ್ತಾಕ್ಕೈತಿ. ತಿರುಗಿ ಕುಂದ್ರು, ನನ್ನವ್ವ."

ಅವನು ನನ್ನನ್ನು ನನ್ನವ್ವ ಅನ್ನುವುದು ಅಪರೂಪ. ನಾನು ಕಾಲುವೆಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತೆ. ಎದುರಿಗೆ ಬಾಳೆತೋಟ, ಎಲೆಗಳಿಂದ ಮಂಜಿನ ಹನಿ ತೊಟ್ಟಿಕ್ಕುತ್ತಿತ್ತು. ಹಿಂದೆ ಕೋಲು ಬೀಸುವ ಸದ್ದು, ಆಮೇಲೆ ನೀರಿನ ಸದ್ದು ಮಾತ್ರ. ಮತ್ತೆ ಬೀಸುವ ಸದ್ದು. ತೋಟದಲ್ಲಿ ಮೈನಾ ಹಕ್ಕಿಗಳು ಎದ್ದವು, ಯಾರದೋ ಟ್ರ್ಯಾಕ್ಟರ್ ಚಾಲೂ ಆಯಿತು. ಬೆಳಕು ಏರತೊಡಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ನೀರು ಹೊಳೆಯುತ್ತದೆ, ಮುಗಿಯಿತು. ನಾನು ದೇವರನ್ನು ನೆನೆದೆ. ಮೇಲಿನ ಮೆಟ್ಟಿಲ ಮೀನುಗಳ ಒಡೆಯ, ಆಂಜನೇಯ, ನಿನ್ನದೊಂದನ್ನು ಇಷ್ಟು ಕೆಳಗೆ ಕಳಿಸು, ಬಿಟ್ಟುಬಿಡುತ್ತಾನೆ ಅಂತ ಬೇಡಿಕೊಂಡೆ.

ರೀಲು ಕರಕರನೆ ತಿರುಗಿತು.

ತಿರುಗಿ ನೋಡಿದಾಗ ಅಪ್ಪ ಹಗ್ಗವನ್ನು ಜಗ್ಗಿಕೊಂಡು ಮುಂದಕ್ಕೆ ಬಾಗಿದ್ದ, ಕೋಲು ಬಿಲ್ಲಾಗಿತ್ತು. ಹಿಂದಿನ ಎರಡಕ್ಕಿಂತ ದೊಡ್ಡ ಮೀನು. ಅವನು ಆತುರಪಡದೆ ಅದನ್ನು ದಂಡೆಗೆ ತಂದ, ಮಂಡಿಯೂರಿ ನೀರಿನೊಳಗೆ ಕೈಯಿಟ್ಟು ಕೊಕ್ಕೆ ಬಿಡಿಸಿದ. ಮೀನು ಅವನ ಅಂಗೈಯಲ್ಲಿ ಒಂದು ಗಳಿಗೆ ನಿಂತು ಹೊರಟುಹೋಯಿತು. ಅಪ್ಪ ಅಲ್ಲೇ ಕೂತು ಹೇಳತೊಡಗಿದ.

"ಮೊದಲು ಕೆಳಗ ಒಂದು ನೆರಳು ಕಾಣ್ತು ಮಂಜಿ. ನೆರಳು ಮ್ಯಾಲ ಬಂತು. ಬಂದು ಮೂಗಿಂದ ಗರೀನ ಮುಟ್ಟಿ ಹಿಂದಕ್ಕ ಹೋತು. ಹೋತಲ್ಲೋ ಅಂದ್ಕೊಂಡೆ. ಮತ್ತ ಬಂತು. ಬಾಯಿ ತೆರೀತು ನೋಡು, ಒಳಗ ಬೆಳ್ಳಗಿತ್ತು. ಮಂಡಕ್ಕಿಗಿಂತ ಬೆಳ್ಳಗ. ಗರಿ ಒಳಗ ಹೋತು, ನೀರು ಕೂಡಿಕೊಂಡ್ತು. ಆಮ್ಯಾಲ ಎತ್ತಿದೆ."

ನಾನು ಅದರಲ್ಲಿ ಏನನ್ನೂ ನೋಡಿರಲಿಲ್ಲ. ಎರಡೂ ಕಣ್ಣು ನೆಟ್ಟಗಿದ್ದ ನಾನು ಬಾಳೆಎಲೆ ನೋಡುತ್ತ ಕೂತಿದ್ದೆ. ಆದರೆ ಅಷ್ಟು ಸಂತೋಷ ನನಗೆ ಆಮೇಲೆ ಯಾವುದಕ್ಕೂ ಆಗಿಲ್ಲ. ಅಪ್ಪ ಸೊಂಟದ ಗಂಟು ಬಿಚ್ಚಿಕೊಂಡ. ಇನ್ನೊಂದು ಸಲ ಬೀಸುತ್ತೀಯಾ ಅಂತ ಕೇಳಿದೆ. ಸಾಕು ಅಂದ. ದಾರಿಯಲ್ಲಿ ಭಟ್ಟಿಯ ಹತ್ತಿರ ಸ್ಕೂಟರ್ ನಿಲ್ಲಿಸಿ ಅವ್ವನ ಡಬ್ಬಿಗೆ ಮಂಡಕ್ಕಿ ತಗೊಂಡೆವು.

ಇದಾಗಿ ಕೆಲವು ವರ್ಷವಾಯಿತು. ಕಾಲುವೆಗೆ ನೀರು ಮತ್ತೆ ಬಂದಿದೆ, ಪ್ರತಿ ವರ್ಷ ಬರುತ್ತದೆ. ಅಪ್ಪನಿಗೆ ಈಗ ಹಗಲು ಯಾವುದು, ಕತ್ತಲು ಯಾವುದು ಎಂಬಷ್ಟು ಮಾತ್ರ ತಿಳಿಯುತ್ತದೆ. ಕೋಲು ಅಟ್ಟಕ್ಕೆ ಹೋಗಿಲ್ಲ, ಅವನ ಮಂಚದ ಪಕ್ಕದ ಮೂಲೆಯಲ್ಲಿದೆ. ಆಗಾಗ ಅದನ್ನು ತಡವಿ, ರೀಲಿಗೆ ಎಣ್ಣೆ ಬಿಡುತ್ತಾನೆ.

ಕಳೆದ ವಾರ ಬಿಸಿ ಮಂಡಕ್ಕಿಯ ಚೀಲ ಮನೆಗೆ ತಂದಾಗ ಅಪ್ಪ ವಾಸನೆಗೇ ತಲೆಯೆತ್ತಿ, "ಇವತ್ತು ಶನಿವಾರ ಅಲ್ಲೇನು?" ಅಂದ. ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಕೋಲು ಒಯ್ಯಲಿಲ್ಲ. ಆಂಜನೇಯನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು, ಅವನ ಅಂಗಿಯ ಚುಂಗು ನನ್ನ ಕೈಯಲ್ಲಿ. ಅಪ್ಪ ಒಂದು ಹಿಡಿ ಮಂಡಕ್ಕಿಯನ್ನು ನೀರಿಗೆ ಎರಚಿ, ಮುಖವನ್ನು ಆ ಕಡೆಗೇ ಇಟ್ಟುಕೊಂಡು ಕಾದ. ನಾನು ಅಭ್ಯಾಸಬಲದಿಂದ ಸುಮ್ಮನಿದ್ದೆ, ಉಸಿರನ್ನೂ ಬಿಗಿ ಹಿಡಿಯಲಿಲ್ಲ.

"ಯಾಕಲೇ ಬಾಯಿ ಮುಚ್ಚಿಕೊಂಡು ಕುಂತಿ?" ಅಂದ. "ಈಗ ಹೇಳು."

"ಕೆಳಗ ಒಂದು ನೆರಳು ಕಾಣಾಕತ್ತೈತಿ ಅಪ್ಪ," ಅಂದೆ. "ಮ್ಯಾಲ ಬಂತು. ಮೂಗಿಂದ ಮುಟ್ಟಿ ಹಿಂದಕ್ಕ ಹೋತು."

"ಹೋತಾ?"

"ತಡಿಯಪ್ಪ. ಮತ್ತ ಬರಾಕತ್ತೈತಿ."